ಸಿನಿಮಾದಿಂದ ಗೇಮ್‌ಗೆ: ಬೆಂಗಳೂರಿನಿಂದ ಕೋಲಾರದ ಗಣಿವರೆಗೆ

ಚಲನಚಿತ್ರದ ಕಥೆಯನ್ನು ವಿಡಿಯೋ ಗೇಮ್ ಮಾಡಿ ಮಾರುವ ವ್ಯಾಪಾರ ಅಮೆರಿಕದಲ್ಲಿ ಕುದುರಿದ್ದು 1982ರಲ್ಲಿ. ಆ ವರ್ಷ ಅಟಾರಿ ಕಂಪನಿ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಮತ್ತು ‘ಇ.ಟಿ.’ ಚಿತ್ರಗಳ ಗೇಮ್‌ಗಳನ್ನು ಹೊರತಂದಿತು. ಎರಡನ್ನೂ ರೂಪಿಸಿದವರು ಹೊವರ್ಡ್ ಸ್ಕಾಟ್ ವಾರ್ಷಾ. ಕ್ರಿಸ್‌ಮಸ್ ವ್ಯಾಪಾರಕ್ಕೆ ಸರಕು ಸಿದ್ಧವಾಗಬೇಕಿದ್ದ ಕಾರಣ ‘ಇ.ಟಿ.’ಗೆ ಅವರಿಗೆ ಸಿಕ್ಕಿದ್ದು ಸುಮಾರು ಐದೇ ವಾರ. ಗೇಮ್ ಜನರಿಗೆ ಹಿಡಿಸಲಿಲ್ಲ. ಮಾರಾಟವಾಗದೆ ಉಳಿದ ಸರಕಿನಲ್ಲಿ ಒಂದಷ್ಟನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಲ್ಲಿ ಅಗೆದಾಗ ಕ್ಯಾಸೆಟ್‌ಗಳು ಸಿಕ್ಕವು. ವ್ಯಾಪಾರದ ತಾರೀಖಿಗೆ ಗೇಮನ್ನು ಕಟ್ಟಿಹಾಕುವ ಈ ಪದ್ಧತಿ ಅಲ್ಲಿಂದ ಮುಂದೆ ಇಡೀ ಕಸುಬಿಗೆ ಅಂಟಿಕೊಂಡಿತು. ಕರ್ನಾಟಕಕ್ಕೆ ಬಂದದ್ದೂ ಅದೇ ಪದ್ಧತಿ.

ಕೋಲಾರ ಜಿಲ್ಲೆಯ ಮಾಲೂರು, ಶ್ರೀನಿವಾಸಪುರ, ಮುಳಬಾಗಿಲಿನಂಥ ತಾಲ್ಲೂಕು ಕೇಂದ್ರಗಳಿಗೆ ಗೇಮ್ ಬಂದದ್ದು ಟಿವಿಗೆ ಸಿಕ್ಕಿಸುವ ಪೆಟ್ಟಿಗೆಯ ರೂಪದಲ್ಲಿ. ಹಂಚು ಮತ್ತು ಇಟ್ಟಿಗೆಗೆ ಹೆಸರಾದ ಮಾಲೂರು ಬೆಂಗಳೂರು–ಬಂಗಾರಪೇಟೆ ರೈಲು ಮಾರ್ಗದ ಮೇಲಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಮೆಜೆಸ್ಟಿಕ್ ಸುತ್ತಿನ ಅಂಗಡಿಗಳಲ್ಲಿ ಸಿಗುವ ಎಲೆಕ್ಟ್ರಾನಿಕ್ ಸಾಮಾನು ಇಲ್ಲಿಯವರಿಗೆ ಒಂದು ಪ್ಯಾಸೆಂಜರ್ ರೈಲಿನಷ್ಟೇ ದೂರ. 1990ರ ದಶಕದ ಈ ಪೆಟ್ಟಿಗೆಗಳು ಬಹುಪಾಲು ಜಪಾನಿನ ನಿಂಟೆಂಡೊ ಯಂತ್ರದ ನಕಲುಗಳು. ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಗೇಮ್ ಇವೆ ಎಂದು ಅಂಟುಚೀಟಿ ಹೇಳುತ್ತಿತ್ತು. ಹಾಕಿ ನೋಡಿದರೆ ಹತ್ತಿಪ್ಪತ್ತೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಚಿತ್ರ ಮೂಡದಿದ್ದರೆ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದು ಎಲ್ಲ ಮಕ್ಕಳಿಗೂ ಗೊತ್ತಿದ್ದ ರಿಪೇರಿ. ಕಾಂಟ್ರಾ, ಮಾರಿಯೊಗಳ ಜೊತೆ ಬ್ಯಾಟ್‌ಮ್ಯಾನ್, ಅಲಾದ್ದೀನ್‌ನಂಥ ಸಿನಿಮಾ ಗೇಮ್‌ಗಳೂ ಈ ನಕಲು ದಾರಿಯಲ್ಲೇ ಹರಿದಾಡಿದವು.

ಅಲಾದ್ದೀನ್ ಗೇಮ್‌ನ ಮೂಲ ರೂಪ ಎಷ್ಟು ಚೆನ್ನಾಗಿತ್ತೆಂಬುದು ನಕಲು ಆಡಿದವರಿಗೆ ತಿಳಿಯುವಂತಿರಲಿಲ್ಲ. ಡಿಸ್ನಿಯ 1992ರ ಚಿತ್ರವನ್ನು ಆಧರಿಸಿ ವರ್ಜಿನ್ ಕಂಪನಿ 1993ರಲ್ಲಿ ಸೆಗಾ ಯಂತ್ರಕ್ಕೆ ಮಾಡಿದ ಗೇಮ್‌ಗೆ ಡಿಸ್ನಿಯ ಅನಿಮೇಷನ್ ಕಲಾವಿದರೇ ಕೈಯಿಂದ ಚಿತ್ರ ಬರೆದರು. ಹೀಗಾಗಿ ಅಲಾದ್ದೀನ್ ಸೇಬು ಎಸೆಯುವಾಗ, ಕತ್ತಿ ಬೀಸುವಾಗ ಸಿನಿಮಾದ ಅಲಾದ್ದೀನನಂತೆಯೇ ಬಳುಕುತ್ತಿದ್ದ. ಸಿನಿಮಾ ಕಂಪನಿ ಬರೀ ಹೆಸರು ಮಾರದೆ ತನ್ನ ಕೈಕಸುಬನ್ನೂ ಕೊಟ್ಟ ಅಪರೂಪದ ಉದಾಹರಣೆ ಅದು.

ಅಂಥದೇ ಇನ್ನೊಂದು, ಮಾಯಾಲೋಕದ ಹೊಡೆದಾಟದ ಗೇಮ್‌ಗಳಲ್ಲಿ ಮಾದರಿಯಾಗಿ ನಿಲ್ಲುವಂಥದು, ‘ದಿ ಲಾರ್ಡ್ ಆಫ್ ದಿ ರಿಂಗ್ಸ್: ದಿ ರಿಟರ್ನ್ ಆಫ್ ದಿ ಕಿಂಗ್’. ಎಲೆಕ್ಟ್ರಾನಿಕ್ ಆರ್ಟ್ಸ್ ಇದನ್ನು 2003ರ ನವೆಂಬರ್‌ನಲ್ಲಿ, ಚಿತ್ರಕ್ಕಿಂತ ಒಂದು ತಿಂಗಳು ಮೊದಲೇ, ಬಿಡುಗಡೆ ಮಾಡಿತು. ಚಿತ್ರದ ನಟರ ದನಿ, ಹೊವರ್ಡ್ ಶೋರ್ ಸಂಗೀತ ಎರಡೂ ಇದರಲ್ಲಿವೆ. ಸಿನಿಮಾದ ತುಣುಕು ಓಡುತ್ತ ಓಡುತ್ತಲೇ ಮೆಲ್ಲಗೆ ಗೇಮ್‌ನ ಚಿತ್ರವಾಗಿ ಮಾರ್ಪಡುತ್ತದೆ; ನೋಡುತ್ತಿದ್ದವನು ಬಟನ್ ಒತ್ತಿದರೆ ಮಾಂತ್ರಿಕ ಗ್ಯಾಂಡಾಲ್ಫ್‌ನ ಕತ್ತಿ ಏಳುತ್ತದೆ. ಕಥೆ ಮೂರು ದಾರಿಗಳಾಗಿ ಕವಲೊಡೆಯುತ್ತದೆ: ಮಾಂತ್ರಿಕನದೊಂದು, ರಾಜನದೊಂದು, ಹಾಬಿಟ್‌ಗಳದೊಂದು. ಮಿನಾಸ್ ತಿರಿತ್ ಕೋಟೆಯ ಗೋಡೆಯ ಮೇಲೆ ಮಾಂತ್ರಿಕ ಒಂದೆಡೆ ನಿಂತು ಹೋರಾಡಿದರೆ ಸಾಲದು. ಶತ್ರುಗಳು ಒರಗಿಸುವ ಏಣಿಗಳನ್ನು ಓಡಿ ಓಡಿ ಒದ್ದು ಕೆಡವಬೇಕು. ಒಂದು ಏಣಿ ತಪ್ಪಿದರೆ ಗೋಡೆಯ ತುಂಬ ಓರ್ಕ್‌ಗಳು. ಏಟು ತಿನ್ನದೆ ಸತತವಾಗಿ ಹೊಡೆದವನಿಗೆ ಹೆಚ್ಚು ಅಂಕ ಸಿಗುತ್ತದೆ. ಲೆವೆಲ್ ಮುಗಿದ ಮೇಲೆ ಆ ಅಂಕ ಕೊಟ್ಟು ಹೊಸ ಪಟ್ಟುಗಳನ್ನು ಕೊಳ್ಳಬಹುದು. ಇಬ್ಬರು ಒಂದೇ ಟಿವಿಯ ಮುಂದೆ ಕೂತು ಜೊತೆಯಾಗಿ ಆಡಬಹುದಿತ್ತು. ಕಥೆ ಗೊತ್ತಿದ್ದರೂ ಮತ್ತೆ ಆಡಬೇಕೆನಿಸುತ್ತಿದ್ದದ್ದು ಈ ಕಾರಣಗಳಿಗೆ: ಸಿನಿಮಾದ ಘಟನೆಯನ್ನು ಇದು ಕೈಯಾರೆ ಮಾಡುವ ಕೆಲಸವಾಗಿ ಬದಲಿಸಿತ್ತು.

ಇಂಥ ಗೇಮ್‌ಗಳ ಕೆಲಸ ಬೆಂಗಳೂರಿಗೆ ಹೊರಗುತ್ತಿಗೆಯಾಗಿ ಬಂತು. 1997ರಲ್ಲಿ ರಾಜೇಶ್ ರಾವ್ ಆರಂಭಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ಭಾರತದ ಮೊದಲ ಗೇಮ್ ಸ್ಟುಡಿಯೋ ಎಂದು ಹೆಸರಾಯಿತು. ಅದರ ಆರಂಭದ ಕೆಲಸಗಳಲ್ಲೊಂದು ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಗಾಗಿ ‘ಮಿಷನ್: ಇಂಪಾಸಿಬಲ್’ ಚಿತ್ರದ ಪಿಸಿ ಗೇಮ್. ಕಥೆ ಹಾಲಿವುಡ್ಡಿನದು, ಹಣ ಫ್ರಾನ್ಸಿನದು, ದುಡಿಮೆ ಬೆಂಗಳೂರಿನದು. 2019ರಲ್ಲಿ ಧ್ರುವವನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಅಷ್ಟರೊಳಗೆ ಭಾರತೀಯ ಚಿತ್ರಗಳ ಗೇಮ್‌ಗಳೂ ಬಂದಿದ್ದವು. ಹೈದರಾಬಾದಿನ ಎಫ್‌ಎಕ್ಸ್ ಲ್ಯಾಬ್ಸ್ ‘ಗಜಿನಿ’ಯನ್ನು ಪಿಸಿಗೆ ತಂದರೆ, ಮುಂಬೈನ ಟ್ರೈನ್ 2011ರಲ್ಲಿ ‘ರಾ.ಒನ್’ ಅನ್ನು ಪ್ಲೇಸ್ಟೇಷನ್‌ಗೆ ತಂದಿತು. ಕರ್ನಾಟಕದ ದೊಡ್ಡ ಗೆಲುವು ಮಾತ್ರ ಬೆಂಗಳೂರಿನದಲ್ಲ, ಉಡುಪಿಯದು. ರೋಹಿತ್ ಭಟ್ ಅವರ 99ಗೇಮ್ಸ್ 2013ರಲ್ಲಿ ಯಶ್‌ರಾಜ್ ಸಂಸ್ಥೆಗಾಗಿ ‘ಧೂಮ್:3’ ಗೇಮ್ ಮಾಡಿತು. ಫೋನನ್ನು ಅತ್ತಿತ್ತ ವಾಲಿಸಿ ಬೈಕ್ ಓಡಿಸುವ ಈ ಆಟದ ಡೌನ್‌ಲೋಡ್ ಒಂದು ಕೋಟಿ ದಾಟಿತು. ಕಡಲತೀರದ ಊರಲ್ಲಿ ಕೂತು ದೇಶಕ್ಕೆಲ್ಲ ಗೇಮ್ ಮಾಡಬಹುದು ಎಂದು ಉಡುಪಿಯವರು ತೋರಿಸಿದ್ದು ಸಣ್ಣ ಸಂಗತಿಯಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಶುರುವಾಗಿ ಡೇಟಾ ಅಗ್ಗವಾದ ಮೇಲೆ ಮಾಲೂರಿನ ಹುಡುಗರಿಗೆ ಟಿವಿ ಪೆಟ್ಟಿಗೆಯ ಹಂಗು ಉಳಿಯಲಿಲ್ಲ. ಮುಂದಿನ ಬೇಸಿಗೆಗೆ ‘ಬಾಹುಬಲಿ’ಯ ಎರಡನೇ ಭಾಗ ಬಂತು. ಆಂಧ್ರದ ಗಡಿಗೆ ತಾಗಿದ ಕೋಲಾರ ಜಿಲ್ಲೆಯಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ತೆಲುಗು ಚಿತ್ರಕ್ಕೆ ಇಲ್ಲಿ ಡಬ್ಬಿಂಗ್ ಬೇಕಿಲ್ಲ. ಆದರೂ ಅದರ ಬಿಡುಗಡೆ ಕರ್ನಾಟಕದಲ್ಲಿ ಸುಲಭವಾಗಲಿಲ್ಲ. ಕಟ್ಟಪ್ಪನ ಪಾತ್ರಧಾರಿ ಸತ್ಯರಾಜ್ ಕಾವೇರಿ ವಿವಾದದಲ್ಲಿ ಹಿಂದೆ ಆಡಿದ್ದ ಮಾತಿಗೆ ಕನ್ನಡ ಸಂಘಟನೆಗಳು ತಿರುಗಿಬಿದ್ದವು. ಅವರು ವಿಷಾದ ವ್ಯಕ್ತಪಡಿಸಿದ ಮೇಲೆ 2017ರ ಏಪ್ರಿಲ್ 28ರಂದು ಚಿತ್ರ ತೆರೆಕಂಡಿತು.

ಅದೇ ಹೊತ್ತಿಗೆ ಬಂದ ಬಾಹುಬಲಿಯ ಅಧಿಕೃತ ಫೋನ್ ಗೇಮ್ ತಯಾರಾದದ್ದು ಬೆಂಗಳೂರಿನಲ್ಲಿ. 2013ರಲ್ಲಿ ಆರಂಭವಾಗಿ ‘ತೀನ್ ಪತ್ತಿ’ ಎಂಬ ಇಸ್ಪೀಟು ಗೇಮ್‌ನಿಂದ ಬೆಳೆದ ಮೂನ್‌ಫ್ರಾಗ್ ಲ್ಯಾಬ್ಸ್ ಅದರ ತಯಾರಕರು. ಆದರೆ ಇಲ್ಲಿ ಆಡುವವನು ಬಾಹುಬಲಿಯಾಗಿ ಕತ್ತಿ ಹಿಡಿಯುವುದಿಲ್ಲ. ಚಿತ್ರದ ಮಾಹಿಷ್ಮತಿ ರಾಜ್ಯದ ಕೋಟೆ ಕಟ್ಟಿ, ಸೈನ್ಯಕ್ಕೆ ತರಬೇತಿ ಕೊಟ್ಟು, ಶತ್ರುಗಳಾದ ಕಾಲಕೇಯರ ಮೇಲೆ ದಂಡು ಕಳಿಸುತ್ತಾನೆ. ‘ಕ್ಲ್ಯಾಷ್ ಆಫ್ ಕ್ಲಾನ್ಸ್’ ಗೇಮ್ ರೂಢಿಗೆ ತಂದಿದ್ದ ಅಚ್ಚು ಇದು. ಸಾಧಾರಣ ಫೋನಿನಲ್ಲೂ ನಡೆಯುತ್ತದೆ, ಐದು ನಿಮಿಷ ಆಡಿ ಎತ್ತಿಡಬಹುದು, ಕಾಯಲಾಗದವನು ದುಡ್ಡು ಕೊಟ್ಟು ಬೇಗ ಕಟ್ಟಿಸಬಹುದು. ವ್ಯಾಪಾರಕ್ಕೆ ಸರಿಯಾದ ಲೆಕ್ಕವೇ. ಆದರೆ ಪರದೆಯ ಮೇಲೆ ಶಿವಲಿಂಗ ಹೊತ್ತು ನಡೆದ ನಾಯಕನ ಮೈಬಲ ಈ ಲೆಕ್ಕದಲ್ಲಿ ಕೈಗೆ ಸಿಗಲಿಲ್ಲ. ಹೊಡೆದಾಟದ ದೊಡ್ಡ ಗೇಮ್‌ಗೆ ವರ್ಷಗಳ ಕೆಲಸ, ನೂರಾರು ಕಲಾವಿದರು ಬೇಕು. ಅಂಥ ಗೇಮ್‌ಗಳಿಗೆ ಚಿತ್ರ ಬರೆದುಕೊಡುವ ಕೈಗಳು ಬೆಂಗಳೂರಿನಲ್ಲೇ ಇದ್ದವು, ದುಡಿಯುತ್ತಿದ್ದದ್ದು ಹೊರದೇಶದ ಕಥೆಗಳಿಗೆ. 2021ರಲ್ಲಿ ಮೂನ್‌ಫ್ರಾಗ್ ಕೂಡ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಸಮೂಹದ ಪಾಲಾಯಿತು.

ಕೋಲಾರ ಜಿಲ್ಲೆಯ ಸ್ವಂತ ನೆಲ ಗೇಮ್‌ನ ಮಾತಿಗೆ ಬಂದದ್ದು ‘ಕೆ.ಜಿ.ಎಫ್’ ಚಿತ್ರಗಳಿಂದ. ಪ್ರಶಾಂತ್ ನೀಲ್ ನಿರ್ದೇಶನದ ಮೊದಲ ಭಾಗ 2018ರ ಡಿಸೆಂಬರ್ 21ರಂದು, ಎರಡನೆಯದು 2022ರ ಏಪ್ರಿಲ್ 14ರಂದು ಬಿಡುಗಡೆಯಾದವು. ಮಾಲೂರು ದಾಟಿದ ರೈಲು ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪಂಗೆ ಹೋಗುತ್ತದೆ; ನಿಜವಾದ ಚಿನ್ನದ ಗಣಿ ಇರುವುದು ಅಲ್ಲಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಗೆಸಿದ, ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿತ್ರದ ನರಾಚಿ ಅದರ ನೆನಪಿನ ಮೇಲೆ ಕಟ್ಟಿದ ಕಲ್ಪಿತ ಲೋಕ; ಚಿತ್ರೀಕರಣಕ್ಕೆ ಆ ಗಣಿಯ ತ್ಯಾಜ್ಯದ ಸಯನೈಡ್ ದಿಬ್ಬಗಳನ್ನೇ ಬಳಸಿಕೊಂಡರು.

ಎರಡನೇ ಭಾಗದ ಬಿಡುಗಡೆಗೆ ಮುನ್ನ ಚಿತ್ರದ ನಿರ್ಮಾಪಕ ಹೊಂಬಾಳೆ ಸಂಸ್ಥೆ ‘ಕೆಜಿಎಫ್‌ವರ್ಸ್’ ಎಂಬ ಡಿಜಿಟಲ್ ಲೋಕವನ್ನು ಪ್ರಕಟಿಸಿತು. ಎಲ್ ಡೊರಾಡೊ ಹೆಸರಿನ ಡಿಜಿಟಲ್ ಟೋಕನ್ ಕೊಂಡವರಿಗೆ ಅದರೊಳಗೆ ಪ್ರವೇಶ ಎಂಬುದು ಯೋಜನೆ. ಅದೇ ವರ್ಷ ಜಗತ್ತಿನಾದ್ಯಂತ ಇಂಥ ಟೋಕನ್‌ಗಳ ಬೆಲೆ ಕುಸಿಯಿತು. ಅಭಿಮಾನಿಗಳು ಟೋಕನ್‌ಗೆ ಕಾಯಲಿಲ್ಲ. ಚಿತ್ರದ ನಾಯಕ ರಾಕಿಯ ಗಡ್ಡ, ಕೋಟು ತೊಡಿಸಿದ ಪಾತ್ರವನ್ನು ತಾವೇ ತಯಾರಿಸಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ (ಜಿಟಿಎ) ಗೇಮ್‌ಗಳಿಗೆ ಸೇರಿಸಿ, ಆಡಿದ ವಿಡಿಯೋಗಳನ್ನು ಹಂಚಿಕೊಂಡರು. ಆ ಜಿಟಿಎ ಸರಣಿಯನ್ನು ಹೊರತರುವುದು ಬೆಂಗಳೂರಿನ ಧ್ರುವವನ್ನು ಕೊಂಡ ಅದೇ ರಾಕ್‌ಸ್ಟಾರ್.