ಕೊಟ್ಟ ಹೆಣ್ಣು ಮತ್ತು ರಾಷ್ಟ್ರೀಯತೆ: ವಿವಾಹ ಹಾಗೂ ಪೌರತ್ವದ ಸಂಬಂಧದ ಚಾರಿತ್ರಿಕ ವಿವೇಚನೆ

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಕನ್ನಡ ಜನಪದರಲ್ಲಿ ಬಳಕೆಯಲ್ಲಿದೆ. ಧಾರೆಯೆರೆದು ಕೊಟ್ಟ ಮಗಳು ತಂದೆಯ ಗೋತ್ರವನ್ನು ಬಿಟ್ಟು ಗಂಡನ ಗೋತ್ರವನ್ನು ಸೇರುತ್ತಾಳೆ ಎಂಬ ನಂಬಿಕೆ ಇದರ ಹಿಂದಿದೆ. ಇದನ್ನು ಕೇವಲ ಗ್ರಾಮೀಣ ಸಮಾಜದ ಪಿತೃಪ್ರಧಾನ ಧೋರಣೆಯೆಂದು ಭಾವಿಸುವುದು ವಾಡಿಕೆ. ಆದರೆ ಹತ್ತೊಂಬತ್ತನೆಯ ಶತಮಾನದ ಯುರೋಪು ಮತ್ತು ಅಮೆರಿಕಗಳ ಆಧುನಿಕ ಕಾಯಿದೆಗಳು ಇದೇ ತತ್ತ್ವವನ್ನು ರಾಷ್ಟ್ರೀಯತೆಗೆ ಅನ್ವಯಿಸಿದ್ದವು ಎಂಬುದು ಗಮನಾರ್ಹ. ಅಲ್ಲಿ ಕುಲದ ಸ್ಥಾನದಲ್ಲಿ ರಾಷ್ಟ್ರವಿತ್ತು ಎಂಬುದಷ್ಟೇ ವ್ಯತ್ಯಾಸ.

1804ರ ಫ್ರೆಂಚ್ ನಾಗರಿಕ ಸಂಹಿತೆಯು ವಿದೇಶೀಯನನ್ನು ಮದುವೆಯಾದ ಫ್ರೆಂಚ್ ಮಹಿಳೆ ಗಂಡನ ಸ್ಥಿತಿಯನ್ನೇ ಅನುಸರಿಸಬೇಕೆಂದು ವಿಧಿಸಿತು. ಬ್ರಿಟನ್ನಿನ 1870ರ ಕಾಯಿದೆಯಂತೆ ಪರದೇಶೀಯನನ್ನು ವರಿಸಿದ ಬ್ರಿಟಿಷ್ ಮಹಿಳೆ ಪರದೇಶೀಯಳಾದಳು. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಮದುವೆಯಾಗಿದ್ದ ಬ್ರಿಟಿಷ್ ಸಂಜಾತ ಮಹಿಳೆಯರು ತಾವು ಹುಟ್ಟಿದ ನಾಡಿನಲ್ಲಿಯೇ ಶತ್ರುದೇಶದವರೆಂದು ಪರಿಗಣಿತರಾದರು.

ಭಾರತಕ್ಕೂ ಅನ್ವಯವಾಗುತ್ತಿದ್ದ 1914ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆ ಈ ನಿಯಮವನ್ನು ಮುಂದುವರಿಸಿತು. ಆ ಕಾಲದಲ್ಲಿ ಧಾರವಾಡ, ಬಳ್ಳಾರಿ, ಮಂಗಳೂರುಗಳ ಕನ್ನಡಿಗರು ಬ್ರಿಟಿಷ್ ಪ್ರಜೆಗಳು. ಮೈಸೂರು ಸಂಸ್ಥಾನದ ಕನ್ನಡಿಗರು ಬ್ರಿಟಿಷ್ ರಕ್ಷಿತ ವ್ಯಕ್ತಿಗಳು. ಒಂದೇ ನುಡಿಯನ್ನಾಡುವ ಎರಡು ಊರುಗಳ ನಡುವಿನ ಈ ಭೇದ ಪಾಸ್‌ಪೋರ್ಟಿನ ಪ್ರಸಂಗ ಬಂದಾಗಲಲ್ಲದೆ ಜನರ ಅರಿವಿಗೆ ಬರುವಂಥದಾಗಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನವು ಇವರೆಲ್ಲರನ್ನೂ ಒಂದೇ ಪೌರತ್ವದಡಿ ತಂದಿತು.

ಅಮೆರಿಕದಲ್ಲಿ 1907ರ ಕಾಯಿದೆ ಇದೇ ಹಾದಿ ಹಿಡಿಯಿತು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ಎಥೆಲ್ ಮೆಕೆಂಜಿ 1909ರಲ್ಲಿ ಬ್ರಿಟಿಷ್ ಪ್ರಜೆಯೊಬ್ಬನನ್ನು ಮದುವೆಯಾದರು. 1911ರಲ್ಲಿ ಆ ರಾಜ್ಯದ ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. ಅದಕ್ಕಾಗಿ ಹೋರಾಡಿದವರಲ್ಲಿ ಮೆಕೆಂಜಿಯೂ ಒಬ್ಬರು. ಆದರೆ ಮತದಾರರ ಪಟ್ಟಿಗೆ ಹೆಸರು ನೋಂದಾಯಿಸಲು ಹೋದಾಗ ಅವರು ಅಮೆರಿಕದ ಪೌರರಲ್ಲವೆಂಬ ಉತ್ತರ ಬಂದಿತು. ವಿದೇಶೀಯನನ್ನು ಸ್ವಇಚ್ಛೆಯಿಂದ ಮದುವೆಯಾಗುವುದು ದೇಶತ್ಯಾಗಕ್ಕೆ ಸಮಾನವೆಂದು 1915ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮೆಕೆಂಜಿ ಊರನ್ನು ಬಿಟ್ಟು ಹೋಗಿರಲಿಲ್ಲ. ಪೌರತ್ವವೇ ಅವರನ್ನು ಬಿಟ್ಟುಹೋಗಿತ್ತು.

1922ರ ಕೇಬಲ್ ಕಾಯಿದೆ ಅಮೆರಿಕದ ಮಹಿಳೆಯರಿಗೆ ಪ್ರತ್ಯೇಕ ಪೌರತ್ವವನ್ನು ನೀಡಿತಾದರೂ, ಪೌರತ್ವಕ್ಕೆ ಅನರ್ಹನಾದ ವಿದೇಶೀಯನನ್ನು ಮದುವೆಯಾದವಳಿಗೆ ಈ ರಕ್ಷಣೆ ಇರಲಿಲ್ಲ. ಮರುವರ್ಷವೇ, ಅಂದರೆ 1923ರಲ್ಲಿ, ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಕಾಯಿದೆಯ ಅರ್ಥದಲ್ಲಿ ‘ಬಿಳಿಯರು’ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಈ ಎರಡೂ ಸೇರಿ, ಭಾರತೀಯನನ್ನು ವರಿಸಿದ ಅಮೆರಿಕದ ಮಹಿಳೆ ತನ್ನ ದೇಶವನ್ನೇ ಕಳೆದುಕೊಳ್ಳುವಂತಾಯಿತು. ಕ್ರಾಂತಿಕಾರಿ ತಾರಕನಾಥ ದಾಸರನ್ನು 1924ರಲ್ಲಿ ಮದುವೆಯಾದ ಮೇರಿ ಕೀಟಿಂಗ್ ಇದಕ್ಕೆ ನಿದರ್ಶನ. ದೇಶವಿಲ್ಲದ ಹೆಣ್ಣಾದ ತಮ್ಮ ಸ್ಥಿತಿಯನ್ನು ಅವರು 1926ರಲ್ಲಿ ‘ದಿ ನೇಷನ್’ ಪತ್ರಿಕೆಯಲ್ಲಿ ಬರೆದುಕೊಂಡರು. ಲಾಸ್ ಏಂಜಲೀಸಿನ ವಕೀಲ ಸಖಾರಾಮ ಗಣೇಶ ಪಂಡಿತರು ತಮ್ಮ ಪೌರತ್ವದ ರದ್ದತಿಯನ್ನು ಪ್ರಶ್ನಿಸುವಾಗ, ಅದರಿಂದ ತಮ್ಮ ಪತ್ನಿಗೆ ಒದಗುವ ಹಾನಿಯನ್ನೂ ನ್ಯಾಯಾಲಯದ ಮುಂದಿಟ್ಟರು. 1926ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು. ಅನರ್ಹ ಪತಿಯ ಕಾರಣದಿಂದ ಪತ್ನಿಯ ಪೌರತ್ವ ಕಳೆಯುವ ನಿಯಮ 1931ರಲ್ಲಿ ರದ್ದಾಯಿತು. ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಇಲ್ಲಿ ಗಾದೆಯನ್ನೂ ಕಾಯಿದೆಯನ್ನೂ ಹೋಲಿಸಿ ನೋಡುವುದು ಉಪಯುಕ್ತ. ಜನಪದರು ಹೆಣ್ಣನ್ನು ಕುಲದ ಹೊರಗಿಟ್ಟರೂ ತವರಿನ ಬಾಗಿಲನ್ನು ಮುಚ್ಚಲಿಲ್ಲ. ಗೌರಿಹಬ್ಬದ ಬಾಗಿನ, ಚೊಚ್ಚಲ ಹೆರಿಗೆ, ಮಡಿಲು ತುಂಬುವ ಶಾಸ್ತ್ರ ಇವೆಲ್ಲ ಮುತ್ತೈದೆಯಾಗಿರುವಾಗಲೇ ಮಗಳು ಮರಳಿ ಬರುವ ದಾರಿಗಳು. ಕಾಯಿದೆಯಾದರೋ ಗಂಡನ ಸಾವು ಅಥವಾ ವಿಚ್ಛೇದನದ ತರುವಾಯ ಮಾತ್ರ ಕಳೆದುಹೋದ ರಾಷ್ಟ್ರೀಯತೆಯನ್ನು ಮರಳಿ ಪಡೆಯಲು ಅವಕಾಶ ನೀಡುತ್ತಿತ್ತು. ಗಾದೆಯ ಕಾಠಿಣ್ಯವನ್ನು ಆಚರಣೆ ಮೃದುವಾಗಿಸಿತ್ತು. ಕಾಯಿದೆಯ ಕಾಠಿಣ್ಯವನ್ನು ಮೃದುಗೊಳಿಸಲು ಮಹಿಳಾ ಸಂಘಟನೆಗಳು ದಶಕಗಳ ಕಾಲ ಹೋರಾಡಬೇಕಾಯಿತು. 1933ರ ಮಾಂಟೆವಿಡಿಯೋ ಒಪ್ಪಂದ, 1957ರ ವಿಶ್ವಸಂಸ್ಥೆಯ ವಿವಾಹಿತ ಮಹಿಳೆಯರ ರಾಷ್ಟ್ರೀಯತಾ ಒಪ್ಪಂದ ಈ ಹೋರಾಟದ ಫಲಗಳು.

ಭಾರತದ 1955ರ ಪೌರತ್ವ ಕಾಯಿದೆ ಮದುವೆಯೊಂದರಿಂದಲೇ ಯಾರ ಪೌರತ್ವವನ್ನೂ ಕಸಿಯಲಿಲ್ಲ. ಆದರೂ ಲಿಂಗಭೇದ ಅದರಲ್ಲಿ ಉಳಿದಿತ್ತು. ಭಾರತೀಯನ ವಿದೇಶೀ ಪತ್ನಿಗೆ ನೋಂದಣಿಯ ಹಕ್ಕಿತ್ತು. ಭಾರತೀಯಳ ವಿದೇಶೀ ಪತಿಗೆ ಆ ಹಕ್ಕು ದೊರೆತದ್ದು 1986ರ ತಿದ್ದುಪಡಿಯಿಂದ. ವಿದೇಶದಲ್ಲಿ ಹುಟ್ಟಿದ ಮಗುವಿಗೆ ವಂಶಾನ್ವಯದಿಂದ ಪೌರತ್ವ ಬರುವುದು ತಂದೆಯ ಮೂಲಕ ಮಾತ್ರವೆಂಬ ನಿಯಮ 1992ರವರೆಗೂ ಇತ್ತು. ಆ ವರ್ಷದ ತಿದ್ದುಪಡಿ ತಾಯಿಯನ್ನೂ ಸೇರಿಸಿತು. 2003ರ ತಿದ್ದುಪಡಿಯು ಸಂಗಾತಿಯ ನೋಂದಣಿಗೆ ಬೇಕಾದ ವಾಸದ ಅವಧಿಯನ್ನು ಐದರಿಂದ ಏಳು ವರ್ಷಗಳಿಗೆ ಏರಿಸಿತು.

ಇಂದಿನ ದಂಪತಿಗಳ ಮುಂದಿರುವ ಆಯ್ಕೆ ಬೇರೆ ಬಗೆಯದು. ಕಾಯಿದೆಯ 9ನೆಯ ಕಲಮಿನಂತೆ, ಸ್ವಇಚ್ಛೆಯಿಂದ ಅನ್ಯದೇಶದ ಪೌರತ್ವ ಪಡೆದವರು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಎರಡು ಪಾಸ್‌ಪೋರ್ಟುಗಳಿಗೆ ಅವಕಾಶವಿಲ್ಲ. 2005ರ ಕೊನೆಯಲ್ಲಿ ಜಾರಿಗೆ ಬಂದ ಸಾಗರೋತ್ತರ ಪೌರ ಯೋಜನೆ ಆಜೀವ ವೀಸಾದ ಸೌಲಭ್ಯ ಕೊಟ್ಟಿತೇ ಹೊರತು ಮತದಾನದ ಹಕ್ಕನ್ನಾಗಲಿ, ಕೃಷಿಭೂಮಿ ಕೊಳ್ಳುವ ಹಕ್ಕನ್ನಾಗಲಿ ಕೊಡಲಿಲ್ಲ. 2015ರ ತಿದ್ದುಪಡಿಯಂತೆ ಮದುವೆ ನೋಂದಣಿಯಾಗಿ ಎರಡು ವರ್ಷ ನಡೆದುಬಂದಿದ್ದರೆ ವಿದೇಶೀ ಸಂಗಾತಿಯೂ ಈ ಚೀಟಿಗೆ ಅರ್ಹ. ಆದರೆ ವಿವಾಹ ವಿಚ್ಛೇದನವಾದರೆ ಅದನ್ನು ರದ್ದುಪಡಿಸಬಹುದು.

ಗಂಡನ ರಾಷ್ಟ್ರೀಯತೆಯೇ ಹೆಂಡತಿಯ ರಾಷ್ಟ್ರೀಯತೆ ಎಂಬ ಹಳೆಯ ತತ್ತ್ವ ಭಾರತದ ಕಾಯಿದೆಯಲ್ಲಿ ಇಂದು ಇಲ್ಲ. ಗಂಡು ಹೆಣ್ಣಿನ ಭೇದವೂ ಈ ನಿಯಮಗಳಿಂದ ಅಳಿದಿದೆ. ಆದರೂ ಇನ್ನೊಂದು ನಾಡಿಗೆ ಬಂದು ನೆಲೆಸಿದ ವ್ಯಕ್ತಿಯ ವಾಸದ ಹಕ್ಕು ಮದುವೆಯೆಂಬ ಒಂದೇ ಎಳೆಗೆ ಕಟ್ಟಿಕೊಂಡಿರುವುದು ಮುಂದುವರಿದಿದೆ. ‘ಕುಲಕ್ಕೆ ಹೊರಗು’ ಎಂಬ ಮಾತಿಗೆ ತವರಿನ ಬಾಗಿನದಂತಹ ಪರಿಹಾರವೊಂದನ್ನು ಜನಪದರು ಕಂಡುಕೊಂಡಿದ್ದರು. ಪೌರತ್ವ ಕಾಯಿದೆಗಳು ಅಂತಹ ಪರಿಹಾರವನ್ನು ಪೂರ್ಣವಾಗಿ ಕಂಡುಕೊಳ್ಳುವುದು ಇನ್ನೂ ಬಾಕಿಯಿದೆ.