ಬಿಸಿಲು ಹುಡುಕಿ ಹೋದ ಪಿಂಚಣಿದಾರರು

ಬೆಂಗಳೂರಿಗೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಬಂದು ಬಹುಕಾಲವಾಯಿತು. ಹಿತವಾದ ಹವೆ, ವಿಶಾಲ ಬಂಗಲೆ, ಮುಂದೊಂದು ಹೂದೋಟ ಇವುಗಳಿಗೆ ಮನಸೋತು ನಿವೃತ್ತಿಯ ನಂತರ ದಂಡು ಪ್ರದೇಶದಲ್ಲೇ ನೆಲೆ ನಿಂತ ಬ್ರಿಟಿಷರೂ ಇದ್ದರು. ಇಲ್ಲಿ ಇರಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ದಂಡಿನ ಆಡಳಿತ ಅವರವರ ಕೈಯಲ್ಲೇ ಇತ್ತು. 20ನೇ ಶತಮಾನದ ಉತ್ತರಾರ್ಧದಲ್ಲಿ ಅದೇ ಬ್ರಿಟನ್ನಿನ ಗುಮಾಸ್ತರು, ಶಿಕ್ಷಕರು, ಬಸ್ ಚಾಲಕರು ಮುಪ್ಪಿನ ಕಾಲಕ್ಕೆ ಬಿಸಿಲು ಹುಡುಕಿಕೊಂಡು ಸ್ಪೇನ್ ದೇಶಕ್ಕೆ ಹೊರಟರು. ಈ ಬಾರಿ ಬೆನ್ನಿಗೆ ಸಾಮ್ರಾಜ್ಯವಿರಲಿಲ್ಲ. ಪರದೇಶದಲ್ಲಿ ಮುದುಕರಾಗುವ ಎಲ್ಲರಿಗೂ ಎದುರಾಗುವ ಎರಡು ಪ್ರಶ್ನೆಗಳು ಅವರಿಗೂ ಎದುರಾದವು. ಇಲ್ಲಿ ಇರಲು ಬಿಡುವವರು ಯಾರು? ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚು ಕೊಡುವವರು ಯಾರು?

ಈ ಎರಡು ಪ್ರಶ್ನೆಗಳಿಗೆ ಯುರೋಪು ಕಂಡುಕೊಂಡ ಉತ್ತರ ಕುತೂಹಲಕರವಾದುದು. ಸುಮಾರು 30 ವರ್ಷಗಳ ಕಾಲ ಅದು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿತ್ತು. 2021ರಲ್ಲಿ ಬ್ರಿಟಿಷರ ಪಾಲಿಗೆ ಆ ಗಂಟು ಬಿಚ್ಚಿತು.

ಮೀನುಗಾರರ ಊರು ಬದಲಾದ ಬಗೆ

ಸ್ಪೇನಿನ ಮೆಡಿಟರೇನಿಯನ್ ಕರಾವಳಿ 1950ರ ದಶಕದವರೆಗೂ ಬಡ ಬೆಸ್ತರ ಹಳ್ಳಿಗಳ ಸಾಲಾಗಿತ್ತು. ಅಂಥದೊಂದು ಊರು ಬೆನಿಡಾರ್ಮ್. ಅಲ್ಲಿನ ಮೇಯರ್ ಪೆದ್ರೊ ಸರಗೋಸ 1956ರಲ್ಲಿ ಊರಿಗೆ ಹೊಸ ನಗರ ಯೋಜನೆಯೊಂದನ್ನು ತಂದರು. ವಿಶಾಲ ರಸ್ತೆಗಳು, ಎತ್ತರದ ಕಟ್ಟಡಗಳು, ಕಡಲಿಗೆ ಮುಖಮಾಡಿದ ಹೋಟೆಲುಗಳು ಎದ್ದವು. ಸರ್ವಾಧಿಕಾರಿ ಫ್ರಾಂಕೋನ ಸರ್ಕಾರಕ್ಕೆ ವಿದೇಶಿ ವಿನಿಮಯದ ತೀವ್ರ ಅಗತ್ಯವಿತ್ತು. 1959ರ ಆರ್ಥಿಕ ಸುಧಾರಣೆಯ ನಂತರ ದೇಶದ ಬಾಗಿಲು ಪ್ರವಾಸಿಗಳಿಗೆ ಅಗಲವಾಗಿ ತೆರೆಯಿತು. ಅಗ್ಗದ ಬಾಡಿಗೆ ವಿಮಾನಗಳಲ್ಲಿ ಬ್ರಿಟಿಷ್ ಕಾರ್ಮಿಕ ಕುಟುಂಬಗಳು ಎರಡು ವಾರದ ರಜೆಗೆ ಬಂದಿಳಿಯತೊಡಗಿದವು.

ರಜೆಗೆ ಬಂದವರಿಗೆ ಒಂದು ಆಸೆ ಹುಟ್ಟಿತು. ಮಳೆ, ಚಳಿ, ಮಬ್ಬು ಆಕಾಶದ ಊರಿಗೆ ಮರಳುವ ಬದಲು ಇಲ್ಲೇ ಒಂದು ಪುಟ್ಟ ಮನೆ ಕೊಂಡು ನಿವೃತ್ತಿಯ ದಿನಗಳನ್ನು ಏಕೆ ಕಳೆಯಬಾರದು? ಆದರೆ ಪೌಂಡುಗಳನ್ನು ದೇಶದ ಹೊರಗೆ ಒಯ್ಯಲು ಬ್ರಿಟನ್ನಿನಲ್ಲಿ ಕಟ್ಟುಪಾಡುಗಳಿದ್ದವು. 1979ರ ಅಕ್ಟೋಬರಿನಲ್ಲಿ ಥ್ಯಾಚರ್ ಸರ್ಕಾರ ಅವುಗಳನ್ನು ತೆಗೆದುಹಾಕಿತು. ಊರಿನ ಮನೆ ಮಾರಿದ ಹಣದಲ್ಲಿ ಸ್ಪೇನಿನಲ್ಲಿ ಮನೆ ಕೊಳ್ಳುವುದು ಸಾಮಾನ್ಯರಿಗೂ ಎಟುಕುವ ಮಾತಾಯಿತು. ಮಲಗಾ ಮತ್ತು ಅಲಿಕಾಂಟೆ ಪ್ರಾಂತ್ಯಗಳ ಗುಡ್ಡಗಳ ಮೇಲೆ ಬಿಳಿ ಮನೆಗಳ ಬಡಾವಣೆಗಳು ಹಬ್ಬಿದವು. ಬ್ರಿಟಿಷ್ ಕ್ಲಬ್ಬುಗಳು, ಇಂಗ್ಲಿಷ್ ಪತ್ರಿಕೆಗಳು ತಲೆಯೆತ್ತಿದವು.

ಕಾರ್ಮಿಕರ ನಿಯಮ, ಪಿಂಚಣಿದಾರರ ಆಸರೆ

ಮನೆ ಕೊಳ್ಳುವುದು ಸುಲಭ, ಆರೋಗ್ಯ ಕಾಪಾಡಿಕೊಳ್ಳುವುದು ಕಷ್ಟ. 1948ರ ಜುಲೈ 5ರಂದು ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಉಚಿತ ಚಿಕಿತ್ಸೆಗೆ ಆಧಾರ ಅಲ್ಲಿನ ವಾಸ. ಜೀವಮಾನವಿಡೀ ತೆರಿಗೆ ಕಟ್ಟಿದವರಾದರೂ ಕಾಯಂ ಆಗಿ ದೇಶ ಬಿಟ್ಟರೆ ಆ ಹಕ್ಕು ಹಿಂದೆಯೇ ಉಳಿಯುತ್ತದೆ. ಹೊಸ ದೇಶದಲ್ಲಿ ಅವರು ವಂತಿಗೆ ಕಟ್ಟಿದವರಲ್ಲ. ಹೀಗೆ ಎರಡು ದೇಶಗಳ ನಡುವೆ ಎಲ್ಲಿಯೂ ಸಲ್ಲದವರಾಗುವ ಅಪಾಯವಿತ್ತು.

ಇದಕ್ಕೆ ಪರಿಹಾರ ಬಂದದ್ದು ಕಾರ್ಮಿಕರಿಗಾಗಿ ರೂಪುಗೊಂಡ ಕಾನೂನಿನಿಂದ. 1957ರ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ ಆರು ದೇಶಗಳ ನಡುವೆ ಆಗ ಕೂಲಿ ಅರಸಿ ಹೋಗುವವರ ಸಂಖ್ಯೆ ದೊಡ್ಡದಿತ್ತು. ಇಟಲಿಯ ಬಡ ಯುವಕರು ಬೆಲ್ಜಿಯಂನ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುತ್ತಿದ್ದರು. ಅವರು ಒಂದು ದೇಶದಲ್ಲಿ ಗಳಿಸಿದ ವಿಮೆ, ಪಿಂಚಣಿಗಳ ಹಕ್ಕು ಇನ್ನೊಂದು ದೇಶದಲ್ಲಿ ನಷ್ಟವಾಗಬಾರದೆಂದು 1958ರಲ್ಲೇ ನಿಯಮಗಳು ಬಂದವು. 1971ರ 1408ನೇ ನಿಯಮಾವಳಿ ಅವುಗಳನ್ನು ವಿಸ್ತರಿಸಿತು. ಪಿಂಚಣಿದಾರನು ಬೇರೊಂದು ಸದಸ್ಯ ದೇಶದಲ್ಲಿ ನೆಲೆಸಿದರೆ ಅಲ್ಲಿನ ನಾಗರಿಕರಂತೆಯೇ ಚಿಕಿತ್ಸೆ ಪಡೆಯಬೇಕು, ಅದರ ವೆಚ್ಚವನ್ನು ಪಿಂಚಣಿ ಕೊಡುವ ದೇಶ ಭರಿಸಬೇಕು ಎಂಬುದು ಅದರ ತಿರುಳು. ಕೆಲಸ ಹುಡುಕಿ ಉತ್ತರಕ್ಕೆ ಹೋದ ಬಡವರಿಗಾಗಿ ಹುಟ್ಟಿದ ವ್ಯವಸ್ಥೆ ಹೀಗೆ ಬಿಸಿಲು ಹುಡುಕಿ ದಕ್ಷಿಣಕ್ಕೆ ಬಂದ ವೃದ್ಧರಿಗೂ ಆಸರೆಯಾಯಿತು.

ಬ್ರಿಟನ್ 1973ರಲ್ಲಿ ಐರೋಪ್ಯ ಸಮುದಾಯವನ್ನು ಸೇರಿತು, ಸ್ಪೇನ್ 1986ರಲ್ಲಿ. ಅದೇ 1986ರಲ್ಲಿ ಸ್ಪೇನ್ ತನ್ನ ಸಾರ್ವತ್ರಿಕ ಆರೋಗ್ಯ ಕಾನೂನನ್ನೂ ಜಾರಿಗೆ ತಂದಿತು. ಬ್ರಿಟಿಷ್ ಪಿಂಚಣಿದಾರರು ‘ಇ-121’ ಎಂಬ ನಮೂನೆಯನ್ನು ಊರಿನಿಂದ ತರಿಸಿಕೊಂಡು ಸ್ಪೇನಿನ ಸಾಮಾಜಿಕ ಭದ್ರತಾ ಕಚೇರಿಯಲ್ಲಿ ನೋಂದಾಯಿಸಿದರೆ ಆರೋಗ್ಯ ಕಾರ್ಡು ಕೈಸೇರುತ್ತಿತ್ತು. 2010ರಿಂದ ಈ ನಮೂನೆಗೆ ‘ಎಸ್-1’ ಎಂಬ ಹೆಸರು.

ಚಿಕಿತ್ಸೆಯ ಏರ್ಪಾಡಾದರೂ ವಾಸದ ಹಕ್ಕು ಬೇರೆಯೇ ಆಗಿತ್ತು. ರೋಮ್ ಒಪ್ಪಂದ ದುಡಿಯುವವರಿಗೆ ಸಂಚಾರ ಸ್ವಾತಂತ್ರ್ಯ ಕೊಟ್ಟಿತ್ತು. ಜೀವಮಾನವಿಡೀ ತಮ್ಮ ದೇಶದಲ್ಲೇ ದುಡಿದು, ನಿವೃತ್ತಿಯ ನಂತರ ಹೊಸದಾಗಿ ಇನ್ನೊಂದು ದೇಶಕ್ಕೆ ಹೊರಡುವವರ ಬಗ್ಗೆ ಅದು ಸುಮ್ಮನಿತ್ತು. ಆ ಕೊರತೆಯನ್ನು ತುಂಬಿದ್ದು 1990ರ ಜೂನ್ 28ರ ಐರೋಪ್ಯ ನಿರ್ದೇಶನ. ಅದು ನಿವೃತ್ತರಿಗೆ ವಾಸದ ಹಕ್ಕನ್ನು ನೀಡಿ, ಎರಡು ಷರತ್ತು ವಿಧಿಸಿತು. ಹೊಸ ದೇಶದ ಬೊಕ್ಕಸಕ್ಕೆ ಹೊರೆಯಾಗದಷ್ಟು ಪಿಂಚಣಿ ಇರಬೇಕು, ಕಾಯಿಲೆಗಳಿಗೆ ಪೂರ್ಣ ವಿಮೆ ಇರಬೇಕು. ಆ ದೇಶ ತನ್ನ ಬಡವರಿಗೆ ನೆರವು ನೀಡುವ ಮಟ್ಟಕ್ಕಿಂತ ಆದಾಯ ಮೇಲಿದ್ದರೆ ಮೊದಲ ಷರತ್ತು ಪೂರೈಸಿದಂತೆ. ಎರಡನೆಯದನ್ನು ಇ-121 ನಮೂನೆಯೇ ಪೂರೈಸುತ್ತಿತ್ತು. ವಾಸ ಮತ್ತು ಚಿಕಿತ್ಸೆಗಳಿಗೆ ಗಂಟು ಬಿದ್ದದ್ದು ಇಲ್ಲಿಯೇ. 2004ರ ನಿರ್ದೇಶನವು ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದವರಿಗೆ ಯಾವ ಷರತ್ತೂ ಇಲ್ಲದ ಕಾಯಂ ವಾಸದ ಹಕ್ಕನ್ನು ಕೊಟ್ಟಿತು.

ವ್ಯವಸ್ಥೆಯ ಬಿರುಕುಗಳು

ಎಲ್ಲವೂ ಸುಗಮವಾಗಿತ್ತೆಂದು ಹೇಳಲಾಗದು. 60ರೊಳಗೇ ಕೆಲಸ ಬಿಟ್ಟು ಬಂದವರಿಗೆ ಸರ್ಕಾರಿ ಪಿಂಚಣಿಯ ವಯಸ್ಸು ತಲುಪುವವರೆಗೆ ಈ ನಮೂನೆ ಸಿಗುತ್ತಿರಲಿಲ್ಲ. ಹಿಂದೆ ಕಟ್ಟಿದ ವಂತಿಗೆಯ ಆಧಾರದ ಮೇಲೆ ಬ್ರಿಟನ್ ಸ್ವಲ್ಪ ಕಾಲ ಕೊಡುತ್ತಿದ್ದ ರಕ್ಷಣೆಯನ್ನೂ 2014ರಲ್ಲಿ ಹೊಸಬರಿಗೆ ನಿಲ್ಲಿಸಲಾಯಿತು. ಖಾಸಗಿ ವಿಮೆಯೊಂದೇ ದಾರಿಯಾದಾಗ, ಮೊದಲೇ ಇದ್ದ ರಕ್ತದೊತ್ತಡ, ಹೃದ್ರೋಗಗಳೇ ಅಡ್ಡಿಯಾಗುತ್ತಿದ್ದವು. ಒಂದು ವರ್ಷ ನೆಲೆಸಿದವರು ಹಣ ಕಟ್ಟಿ ಸಾರ್ವಜನಿಕ ಆರೋಗ್ಯ ಸೇವೆ ಪಡೆಯುವ ಯೋಜನೆಯನ್ನು ಸ್ಪೇನ್ 2013ರಲ್ಲಿ ತಂದಿತು. 65ರೊಳಗಿನವರಿಗೆ ತಿಂಗಳಿಗೆ 60 ಯುರೋ, ಮೇಲಿನವರಿಗೆ 157 ಯುರೋ ಎಂದು ದರ ಗೊತ್ತುಮಾಡಲಾಯಿತು.

ಇನ್ನೊಂದು ಬಿರುಕು ಕಾನೂನಿನದಲ್ಲ, ಸಂಸ್ಕೃತಿಯದು. ಆಸ್ಪತ್ರೆ ಚಿಕಿತ್ಸೆ ಕೊಡುತ್ತದೆ, ರೋಗಿಯ ಪಕ್ಕ ಕುಳಿತು ಉಣಿಸುವುದು, ಒರೆಸುವುದು ಮನೆಯವರ ಕೆಲಸ ಎಂಬ ಭಾವನೆ ಸ್ಪೇನಿನಲ್ಲಿ ಬಲವಾಗಿದೆ. ನಮ್ಮವರಿಗೆ ಇದು ಹೊಸದಲ್ಲ. ಆದರೆ ಮಕ್ಕಳನ್ನು ಸಾವಿರಾರು ಕಿಲೋಮೀಟರ್ ದೂರದಲ್ಲಿ ಬಿಟ್ಟು ಬಂದ, ಸ್ಪ್ಯಾನಿಷ್ ಭಾಷೆ ಬಾರದ ವಿಧವೆಯೊಬ್ಬಳಿಗೆ ಪಕ್ಕದಲ್ಲಿ ಕೂರುವವರು ಯಾರು? ವೃದ್ಧರ ದಿನನಿತ್ಯದ ಆರೈಕೆಗೆ ಸ್ಪೇನ್ 2006ರಲ್ಲಿ ಕಾನೂನು ಮಾಡಿತಾದರೂ ಅದರ ಲಾಭಕ್ಕೆ ಐದು ವರ್ಷಗಳ ವಾಸ ಕಡ್ಡಾಯ. ಎಸ್-1 ನಮೂನೆ ವೈದ್ಯರನ್ನು ದೊರಕಿಸಿಕೊಟ್ಟೀತು, ಆರೈಕೆಯವರನ್ನಲ್ಲ.

ಗಂಟು ಬಿಚ್ಚಿದ ದಿನ

2016ರ ಹೊತ್ತಿಗೆ ಸ್ಪೇನಿನಲ್ಲಿ ಸುಮಾರು 3 ಲಕ್ಷ ಬ್ರಿಟಿಷರಿದ್ದರು. ಐವರಲ್ಲಿ ಇಬ್ಬರು 65 ದಾಟಿದವರು. ಆ ವರ್ಷ ಜೂನ್ 23ರಂದು ಐರೋಪ್ಯ ಒಕ್ಕೂಟದಿಂದ ಹೊರಬರುವ ಬಗ್ಗೆ ಬ್ರಿಟನ್ನಿನಲ್ಲಿ ಜನಮತಗಣನೆ ನಡೆಯಿತು. ಅದರ ಫಲಿತಾಂಶ ಯಾರ ಬದುಕನ್ನು ನೇರವಾಗಿ ತಟ್ಟುತ್ತಿತ್ತೋ ಅವರಲ್ಲಿ ಅನೇಕರಿಗೆ ಮತವೇ ಇರಲಿಲ್ಲ. ದೇಶ ಬಿಟ್ಟು 15 ವರ್ಷ ದಾಟಿದವರು ಮತದಾರರ ಪಟ್ಟಿಯಿಂದ ಹೊರಗುಳಿಯುತ್ತಿದ್ದರು.

ಈ ನಿಯಮದ ವಿರುದ್ಧ ಹೋರಾಡಿದವರಲ್ಲಿ ಹ್ಯಾರಿ ಶಿಂಡ್ಲರ್ ಪ್ರಮುಖರು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೊ ತೀರದಲ್ಲಿ ಇಳಿದ ಬ್ರಿಟಿಷ್ ಸೇನೆಯ ಯೋಧ ಅವರು. 1982ರಲ್ಲಿ ನಿವೃತ್ತರಾಗಿ ಇಟಲಿಗೇ ಹೋಗಿ ನೆಲೆಸಿದರು. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 2013ರಲ್ಲಿ, ಬ್ರಿಟನ್ನಿನ ನ್ಯಾಯಾಲಯಗಳಲ್ಲಿ 2016ರಲ್ಲಿ ಸೋತರು. ಕೊನೆಗೆ 2022ರ ಚುನಾವಣಾ ಕಾಯಿದೆ 15 ವರ್ಷದ ಮಿತಿಯನ್ನು ತೆಗೆದುಹಾಕಿತು. ಅದು ಜಾರಿಗೆ ಬಂದದ್ದು 2024ರ ಜನವರಿಯಲ್ಲಿ. 101 ವರ್ಷದ ಶಿಂಡ್ಲರ್ 2023ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು.

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟವನ್ನು ಬಿಟ್ಟಿತು. ಆ ವರ್ಷದ ಡಿಸೆಂಬರ್ 31ರೊಳಗೆ ಕಾನೂನುಬದ್ಧವಾಗಿ ನೆಲೆಸಿದ್ದವರ ವಾಸದ ಹಕ್ಕು, ಪಿಂಚಣಿದಾರರ ಚಿಕಿತ್ಸೆಯ ಹಕ್ಕು ಎರಡನ್ನೂ ನಿರ್ಗಮನ ಒಪ್ಪಂದ ಉಳಿಸಿಕೊಟ್ಟಿತು. ನಂತರ ಬರುವವರ ಸ್ಥಿತಿ ವಿಚಿತ್ರ. ಹೊಸ ಒಪ್ಪಂದದಲ್ಲೂ ಎಸ್-1 ವ್ಯವಸ್ಥೆ ಮುಂದುವರಿಯಿತು. ಸ್ಪೇನಿನಲ್ಲಿ ನೆಲೆಸಿದ ಬ್ರಿಟಿಷ್ ಪಿಂಚಣಿದಾರನ ಚಿಕಿತ್ಸೆಯ ವೆಚ್ಚವನ್ನು ಈಗಲೂ ಬ್ರಿಟನ್ ಭರಿಸುತ್ತದೆ. ಆದರೆ ನೆಲೆಸುವ ಹಕ್ಕೇ ತಾನಾಗಿ ಸಿಗುವುದಿಲ್ಲ. ವೀಸಾ ಇಲ್ಲದೆ ಇರಬಹುದಾದದ್ದು 180 ದಿನಗಳಲ್ಲಿ 90 ದಿನ ಮಾತ್ರ. ದುಡಿಯದೆ ನೆಲೆಸಲು ಬೇಕಾದ ವೀಸಾಕ್ಕೆ 2024ರಲ್ಲಿ ಒಬ್ಬರಿಗೆ ತಿಂಗಳಿಗೆ 2,400 ಯುರೋ ಆದಾಯ ತೋರಿಸಬೇಕಿತ್ತು. ಆ ವರ್ಷ ಬ್ರಿಟನ್ನಿನ ಪೂರ್ಣ ಸರ್ಕಾರಿ ಪಿಂಚಣಿ ವಾರಕ್ಕೆ 221.20 ಪೌಂಡ್. ತಿಂಗಳ ಲೆಕ್ಕದಲ್ಲಿ ಅದು ಬೇಡಿಕೆಯ ಅರ್ಧವನ್ನೂ ಮುಟ್ಟುವುದಿಲ್ಲ. ಗುಮಾಸ್ತರು, ಬಸ್ ಚಾಲಕರು ಕಟ್ಟಿದ ಬಡಾವಣೆಗಳಿಗೆ ಅವರಂಥವರೇ ಹೊಸದಾಗಿ ಬಂದು ಸೇರುವುದು ಕಷ್ಟವಾಗಿದೆ.

ಮೂರನೆಯ ಎಳೆ

ಯುರೋಪಿನ ಹೊರಗೆ ನಿವೃತ್ತರಾದ ಬ್ರಿಟಿಷರ ಪಾಡು ಇನ್ನೂ ಬೇರೆ. ಬೆಲೆಯೇರಿಕೆಯ ಜೊತೆಗೆ ಸರ್ಕಾರಿ ಪಿಂಚಣಿಯನ್ನು ಪ್ರತಿವರ್ಷ ಹೆಚ್ಚಿಸುವುದು ಬ್ರಿಟನ್ನಿನ ಪದ್ಧತಿ. ಇದು ನಮ್ಮಲ್ಲಿನ ತುಟ್ಟಿಭತ್ಯೆಯ ಹಾಗೆ. ಸ್ಪೇನಿನಲ್ಲಿರುವವರಿಗೆ ಈ ಹೆಚ್ಚಳ ದೊರೆಯುತ್ತದೆ. ಕೆನಡಾ, ಆಸ್ಟ್ರೇಲಿಯಾ, ಭಾರತಗಳಲ್ಲಿ ನೆಲೆಸಿದವರಿಗೆ ದೊರೆಯದು. ಅಲ್ಲಿಗೆ ಹೋದಾಗ ಅಥವಾ ಅಲ್ಲಿ ಮೊದಲು ಪಡೆದಾಗ ಎಷ್ಟಿತ್ತೋ ಅಷ್ಟಕ್ಕೇ ಪಿಂಚಣಿ ನಿಂತುಬಿಡುತ್ತದೆ. ಬ್ರಿಟನ್ನಿನಲ್ಲಿ ದುಡಿದು ಮುಪ್ಪಿಗೆ ತಾಯ್ನಾಡಿಗೆ ಮರಳುವ ಭಾರತೀಯರಿಗೂ ಇದೇ ನಿಯಮ. ಇದು ತಾರತಮ್ಯವೆಂಬ ವಾದವನ್ನು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 2005ರಲ್ಲಿ ತಳ್ಳಿಹಾಕಿತು. 2010ರಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯದ 17 ನ್ಯಾಯಾಧೀಶರ ಪೀಠವೂ 11–6ರ ಬಹುಮತದಿಂದ ತಳ್ಳಿಹಾಕಿತು.

ಇರಲು ಅನುಮತಿ, ಕಾಯಿಲೆಗೆ ಚಿಕಿತ್ಸೆ, ಬೆಲೆಗೆ ತಕ್ಕ ಪಿಂಚಣಿ ಈ ಮೂರೂ ಕೂಡಿದರೆ ಮಾತ್ರ ಪರದೇಶದಲ್ಲಿ ಮುಪ್ಪು ನೆಮ್ಮದಿಯಿಂದ ಕಳೆದೀತು. ಮೂರನ್ನೂ ನಿರ್ಧರಿಸುವ ಕಾಗದಗಳು ಬೇರೆ ಬೇರೆ, ಸಹಿ ಹಾಕುವ ಕೈಗಳೂ ಬೇರೆ ಬೇರೆ. ಮನೆ ಕೊಳ್ಳುವಾಗ ನಿವೃತ್ತರು ಹವೆಯನ್ನು, ಬೆಲೆಯನ್ನು ವಿಚಾರಿಸುತ್ತಾರೆ. ಆ ಕಾಗದಗಳು ಎಷ್ಟು ಕಾಲ ನಡೆದಾವು ಎಂಬುದು 70ರ ನಂತರ, ಮರಳಿ ಹೋಗಲು ಊರಿನಲ್ಲಿ ಮನೆಯೂ ಉಳಿಯದಿದ್ದಾಗ, ಪ್ರಶ್ನೆಯಾಗಿ ಬರುತ್ತದೆ.