ಯಂತ್ರದಲ್ಲಿ ಕೌದಿ: ಮುಕ್ತಚಲನೆಯ ಹೊಲಿಗೆಯ ದೋಷಗಳು ಮತ್ತು ಪರಿಹಾರಗಳು

ಕೌದಿ ಮತ್ತು ಮುಕ್ತಚಲನೆಯ ಹೊಲಿಗೆ

ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಒತ್ತೊತ್ತಾದ ಹೊಲಿಗೆಯಿಂದ ಬಂಧಿಸಿದ ಹೊದಿಕೆಯೇ ಕೌದಿ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕನ್ನಡದ ಮನೆಗಳ ಕೌದಿಯೂ ಮರಾಠಿ ಮನೆಗಳ ಗೋಧಡಿಯೂ ಒಂದೇ ಕುಲದವು. ಎರಡೂ ಮೂಲತಃ ಕೈಹೊಲಿಗೆಯವು.

ಈ ಕೆಲಸವನ್ನು ಮನೆಯ ಹೊಲಿಗೆ ಯಂತ್ರದಲ್ಲಿ ಮಾಡುವ ವಿಧಾನಕ್ಕೆ ಫ್ರೀ ಮೋಷನ್ ಕ್ವಿಲ್ಟಿಂಗ್ ಎಂದು ಹೆಸರು. ಸಾಮಾನ್ಯ ಹೊಲಿಗೆಯಲ್ಲಿ ಸೂಜಿತಟ್ಟೆಯ ಸೀಳುಗಳಿಂದ ಮೇಲೇಳುವ ಹಲ್ಲುಗಳು ಬಟ್ಟೆಯನ್ನು ಹಿಂದಕ್ಕೆ ತಳ್ಳುತ್ತವೆ. ಮುಕ್ತಚಲನೆಯಲ್ಲಿ ಹಲ್ಲುಗಳನ್ನು ಕೆಳಗಿಳಿಸಿ, ಬಟ್ಟೆಯನ್ನು ಎರಡೂ ಕೈಗಳಿಂದ ಬೇಕಾದ ದಿಕ್ಕಿಗೆ ಸರಿಸಲಾಗುತ್ತದೆ. ಪೇಟೆಯ ಟೇಲರ್‌ಗಳು ರಿಂಗು ಬಿಗಿದು ಕುಪ್ಪಸದ ಮೇಲೆ ಹೂಬಳ್ಳಿ ತೆಗೆಯುವುದೂ ಇದೇ ತತ್ತ್ವದಿಂದ. ಆದ್ದರಿಂದ ಈ ವಿದ್ಯೆ ನಮ್ಮ ಊರುಗಳಿಗೆ ಹೊಸತಲ್ಲ. ಕೌದಿಯ ದಪ್ಪಕ್ಕೆ ಅದನ್ನು ಒಗ್ಗಿಸುವುದಷ್ಟೇ ಹೊಸತು. 1989ರಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫ್ಯಾಲರ್ಟ್ ಅವರ ಯಂತ್ರಹೊಲಿಗೆಯ ಕ್ವಿಲ್ಟ್ ಅತ್ಯುನ್ನತ ಬಹುಮಾನ ಪಡೆಯಿತು. ಯಂತ್ರದ ಕೆಲಸವನ್ನು ಕೈಕೆಲಸಕ್ಕಿಂತ ಕೀಳೆಂದು ಕಾಣುವ ಭಾವನೆ ಅಮೆರಿಕದಲ್ಲಿ ಆ ಬಳಿಕ ಸಡಿಲಗೊಂಡಿತು.

ಹೊಲಿಗೆ ಬೀಳುವ ಬಗೆ

1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಎರಡು ದಾರಗಳ ಹೊಲಿಗೆಯ ತತ್ತ್ವವೇ ಇಂದಿಗೂ ಮನೆಯ ಯಂತ್ರಗಳಲ್ಲಿ ಉಳಿದಿದೆ. ಕೆಳಮುಟ್ಟ ಇಳಿದ ಸೂಜಿ ಕೂದಲೆಳೆಯಷ್ಟು ಮೇಲೇಳುತ್ತಲೇ ಅದರ ಹಿಂಬದಿಯಲ್ಲಿ ದಾರದ ಸಣ್ಣ ಕುಣಿಕೆ ಉಬ್ಬುತ್ತದೆ. ಶಟಲ್ಲಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಕೆಳಗಿನ ದಾರವಿರುವ ಬಾಬಿನ್ನಿನ ಸುತ್ತ ದಾಟಿಸುತ್ತದೆ. ಬಳಿಕ ಮೇಲಿನ ಸನ್ನೆ ದಾರವನ್ನು ಎಳೆದು ಬಿಗಿಗೊಳಿಸುತ್ತದೆ. ಎರಡು ದಾರಗಳ ಗಂಟು ಪದರಗಳ ನಡುವೆ ಅಡಗಿದರೆ ಹೊಲಿಗೆ ಸರಿಯಾಗಿದೆ ಎಂದರ್ಥ.

ಹಲ್ಲುಗಳು ಇಳಿದಾಗ ಹೊಲಿಗೆಯ ಉದ್ದವನ್ನು ನಿರ್ಧರಿಸುವುದು ಕಾಲು ಮತ್ತು ಕೈಗಳ ವೇಗದ ಅನುಪಾತ. ಕಾಲು ಚುರುಕಾಗಿ ಕೈ ನಿಧಾನವಾದರೆ ಹೊಲಿಗೆ ಸಣ್ಣದಾಗುತ್ತದೆ, ಕೈ ಅವಸರಿಸಿದರೆ ಉದ್ದವಾಗುತ್ತದೆ. ಒಂದು ಕೈಯಿಂದ ಚಕ್ರ ತಿರುಗಿಸುವ ಯಂತ್ರ ಈ ಕೆಲಸಕ್ಕೆ ಒಗ್ಗದು. ಎರಡೂ ಕೈಗಳಿಗೆ ಬಿಡುವು ಮಾಡಿಕೊಡುವ ಕಾಲುತುಳಿಯ ಯಂತ್ರ ಮಾತ್ರ ಬಹಳ ಒಳ್ಳೆಯದು. ಕಲಿಯುವವರಿಗೆ ಮೋಟಾರಿಗಿಂತ ಅದರ ನಿಧಾನಗತಿಯೇ ಹಿತ. ಚಕ್ರದ ಪಟ್ಟಿ (ಬೆಲ್ಟ್) ಸಡಿಲಗೊಂಡು ಜಾರುತ್ತಿದ್ದರೆ ಮೊದಲು ಅದನ್ನು ಬಿಗಿಗೊಳಿಸಬೇಕು.

ದೋಷ ಕೆಳಗೆ, ಕಾರಣ ಮೇಲೆ

ಎಲ್ಲ ಪರೀಕ್ಷೆಗಳಿಗೂ ಆಧಾರವಾದ ಸೂತ್ರವೊಂದಿದೆ: ಬಟ್ಟೆಯ ಕೆಳಮೈಯಲ್ಲಿ ದಾರ ಗುಡ್ಡೆಗಟ್ಟಿದರೆ ಕಾರಣವನ್ನು ಮೇಲಿನ ದಾರದಲ್ಲಿ ಹುಡುಕಬೇಕು, ಕೆಳಗಿನ ದಾರ ಮೇಲ್ಮೈಗೆ ಎಳೆದು ಬಂದರೆ ಮೇಲಿನ ಬಿಗಿ ಹೆಚ್ಚಾಗಿದೆ ಅಥವಾ ಬಾಬಿನ್ ಕೇಸಿನ ಹಿಡಿತ ಸಡಿಲವಾಗಿದೆ. ಹೊಸಬರು ಕೆಳಗಿನ ಗಂಟನ್ನು ಕಂಡೊಡನೆ ಬಾಬಿನ್ ಕೇಸಿನ ತಿರುಪಿಗೆ ಕೈಹಾಕುತ್ತಾರೆ. ಸರಿಯಾಗಿದ್ದುದು ಅಲ್ಲಿಗೆ ಕೆಡುತ್ತದೆ.

ಕೆಳಗೆ ದಾರದ ಗೂಡು ಕಟ್ಟುವುದಕ್ಕೆ ಅತಿ ಸಾಮಾನ್ಯ ಕಾರಣ ಯಂತ್ರದ ಪಾದದ (ಪ್ರೆಸರ್ ಫುಟ್) ಸನ್ನೆಯನ್ನು ಇಳಿಸದಿರುವುದು. ಮುಕ್ತಚಲನೆಯ ಸ್ಪ್ರಿಂಗ್ ಪಾದ ಬಟ್ಟೆಯನ್ನು ಒತ್ತಿ ಹಿಡಿಯುವುದಿಲ್ಲವಾದ್ದರಿಂದ ಅದು ಇಳಿದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು. ಸನ್ನೆ ಮೇಲಿದ್ದಾಗ ದಾರ ಹಿಡಿಯುವ ಬಿಲ್ಲೆಗಳು ತೆರೆದೇ ಇರುತ್ತವೆ, ದಾರಕ್ಕೆ ಬಿಗಿಯೇ ದೊರೆಯುವುದಿಲ್ಲ. ದಾರ ಪೋಣಿಸುವಾಗ ಸನ್ನೆ ಮೇಲಿರಬೇಕು, ಹೊಲಿಯುವಾಗ ಕೆಳಗಿರಬೇಕು. ಆರಂಭದಲ್ಲಿ ಬಾಬಿನ್ ದಾರವನ್ನು ಮೇಲಕ್ಕೆ ಎಳೆದುಕೊಂಡು, ಎರಡೂ ತುದಿಗಳನ್ನು ಬೆರಳಿನಿಂದ ಹಿಡಿದಿಟ್ಟುಕೊಳ್ಳುವುದೂ ಅಷ್ಟೇ ಅಗತ್ಯ.

ನೇರ ಗೆರೆಯಲ್ಲಿ ಸರಿಯಾಗಿದ್ದು ತಿರುವಿನಲ್ಲಿ ಮಾತ್ರ ಕೆಳಗೆ ರೆಪ್ಪೆಗೂದಲಿನಂತೆ ದಾರಗಳು ಚಾಚಿಕೊಂಡರೆ ತಪ್ಪು ಯಂತ್ರದ್ದಲ್ಲ. ತಿರುವಿನಲ್ಲಿ ಕೈ ವೇಗ ಹೆಚ್ಚಿಸಿದೆ. ಗಂಟು ಬಿಗಿಯುವ ಮೊದಲೇ ಬಟ್ಟೆ ಮುಂದೆ ಸರಿದಿದೆ.

ಬಾಬಿನ್ ಕೇಸನ್ನು ಪರೀಕ್ಷಿಸುವ ಕ್ರಮ ಸರಳ. ಬಾಬಿನ್ ತುಂಬಿದ ಕೇಸನ್ನು ದಾರದ ತುದಿಯಿಂದ ತೂಗಬಿಡಬೇಕು. ಅದು ತಾನಾಗಿ ಜಾರಬಾರದು. ಕೈಯನ್ನು ಮೆಲ್ಲನೆ ಜಗ್ಗಿದಾಗ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಸರಸರನೆ ಇಳಿದರೆ ತಿರುಪನ್ನು ಕಾಲು ಸುತ್ತು ಬಿಗಿಗೊಳಿಸಬೇಕು, ಅಲುಗದಿದ್ದರೆ ಅಷ್ಟೇ ಸಡಿಲಿಸಬೇಕು. ಅದಕ್ಕೂ ಮುನ್ನ ಸ್ಪ್ರಿಂಗಿನ ಅಡಿಯನ್ನು ನೋಡಬೇಕು. ಹಳೆಯ ಹತ್ತಿಬಟ್ಟೆ ವಿಪರೀತ ನಾರು ಉದುರಿಸುತ್ತದೆ; ಎಳ್ಳಿನಷ್ಟು ನಾರು ಅಲ್ಲಿ ಸಿಲುಕಿದರೂ ಬಿಗಿ ತಪ್ಪುತ್ತದೆ.

ಹೊಲಿಗೆ ತಪ್ಪುವುದು, ದಾರ ಹರಿಯುವುದು, ಸೂಜಿ ಮುರಿಯುವುದು

ದಪ್ಪ ಬಟ್ಟೆ ಸೂಜಿಯೊಂದಿಗೆ ಮೇಲೆದ್ದರೆ ಕುಣಿಕೆ ಉಬ್ಬುವುದಿಲ್ಲ, ಕೊಕ್ಕೆ ಬರಿದೇ ಹಾದುಹೋಗುತ್ತದೆ, ಹೊಲಿಗೆ ತಪ್ಪುತ್ತದೆ. ಪಾದವಿಲ್ಲದೆ ಹೊಲಿಯುವವರಿಗೆ ಈ ತೊಂದರೆ ಹೆಚ್ಚು. ಬಾಗಿದ, ಮೊಂಡಾದ, ತಿರುವುಮುರುವಾಗಿ ಕೂಡಿಸಿದ ಸೂಜಿಯಿಂದಲೂ ಹೀಗಾಗುತ್ತದೆ. ಸೂಜಿಯ ಉದ್ದನೆಯ ತೋಡಿನ ಕಡೆಯಿಂದ ದಾರ ಕಣ್ಣನ್ನು ಹೊಗಬೇಕು, ತಗ್ಗಿರುವ ಬದಿ ಕೊಕ್ಕೆಯ ಕಡೆಗಿರಬೇಕು. 14ನೇ ಸಂಖ್ಯೆಯ ಸೂಜಿಯ ದಪ್ಪ 0.9 ಮಿ.ಮೀ., 16ರದು 1 ಮಿ.ಮೀ., 18ರದು 1.1 ಮಿ.ಮೀ. ಮೂರು ನಾಲ್ಕು ಪದರಗಳ ಕೌದಿಗೆ 16 ಯೋಗ್ಯ.

ದಾರದ ಒಂದೇ ಭಾಗ ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹಿಂದೆ ಮುಂದೆ ಉಜ್ಜಿದ ಬಳಿಕವೇ ಬಟ್ಟೆಯಲ್ಲಿ ನಿಲ್ಲುತ್ತದೆ. ಕಣ್ಣು ಚಿಕ್ಕದಾದರೆ ದಾರ ಎಳೆಎಳೆಯಾಗಿ ಬಿಚ್ಚಿ ಹರಿಯುವುದು ಇದರಿಂದಲೇ. ಕಾಲುಯಂತ್ರ ಆರಂಭದಲ್ಲಿ ಹಿಮ್ಮುಖವಾಗಿ ತಿರುಗಿದರೂ ದಾರ ಸಿಕ್ಕಿ ಹರಿಯುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಊರುಗಳಲ್ಲಿ ಮತ್ತೊಂದು ಕಾರಣವನ್ನು ನೆನಪಿಡಬೇಕು: 2019ರ ಆಗಸ್ಟ್ ತಿಂಗಳಿನಂತಹ ಪ್ರವಾಹದಲ್ಲಿ ನೆನೆದ ಯಂತ್ರದ ಶಟಲ್ ಮೊನೆಯನ್ನು ತುಕ್ಕು ಕೊರೆದಿದ್ದರೆ ಯಾವ ಹೊಂದಾಣಿಕೆಯೂ ಫಲಿಸದು. ಉಗುರಾಡಿಸಿದಾಗ ಒರಟು ತಗುಲಿದರೆ ಶಟಲ್ ಬದಲಿಸುವುದೇ ದಾರಿ.

ಸೂಜಿ ಮುರಿಯುವುದು ಬಹುತೇಕ ಕೈಯ ದೋಷ. ಸೂಜಿ ಬಟ್ಟೆಯೊಳಗಿರುವಾಗ ಜಗ್ಗಿದರೆ ಅದು ಬಾಗಿ ತಟ್ಟೆಗೆ ಬಡಿಯುತ್ತದೆ.

ನೆರಿಗೆ ಮತ್ತು ಭಾರ

ಕೈಕೌದಿಯನ್ನು ನೆಲದ ಮೇಲೆ ಹರಡಿ, ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿಗೆ ಸಾಗುವ ರೂಢಿಯಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಮಹಿಳೆಯರ ಕೌದಿಗಳೂ ಹಾಗೆಯೇ ಬೆಳೆಯುತ್ತವೆ. ನೆಲ ಆಧಾರ ಕೊಡುವುದರಿಂದ ಅಲ್ಲಿ ಪದರಗಳು ಜರುಗುವುದಿಲ್ಲ. ಯಂತ್ರದಲ್ಲಿ ಈ ಕ್ರಮ ಅನುಸರಿಸಿದರೆ ಸಡಿಲ ಬಟ್ಟೆಯೆಲ್ಲ ನಡುವೆ ಸೇರಿ ನೆರಿಗೆಗಟ್ಟುತ್ತದೆ. ಆದ್ದರಿಂದ ಇಲ್ಲಿ ದಿಕ್ಕು ತಿರುವುಮುರುವು: ನಡುವಿನಿಂದ ಅಂಚಿಗೆ. ಅದಕ್ಕೂ ಮೊದಲು ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಈ ಬೇಸರದ ಕೆಲಸವನ್ನು ಬಿಟ್ಟವರ ಕೌದಿ ಕೆಳಗೆ ನೆರಿಗೆ ತೋರಿಸದೆ ಇರದು. ಗಡಿಯಾಚೆಯ ಇಚಲಕರಂಜಿಯಂತಹ ಮಗ್ಗದ ಊರಿನ ಹೊಸ ಬಟ್ಟೆಯನ್ನು ಅಡಿಪದರಕ್ಕೆ ಬಳಸುವುದಾದರೆ ಗಂಜಿ ಹೋಗುವಂತೆ ಒಗೆದು, ಕುಗ್ಗಿಸಿಯೇ ಬಳಸಬೇಕು.

ಮೇಜಿನಿಂದ ಜೋತುಬಿದ್ದ ಕೌದಿಯ ಭಾರ ಸೂಜಿಯನ್ನು ಎಳೆಯುತ್ತದೆ, ಹೊಲಿಗೆ ಏರುಪೇರಾಗುತ್ತದೆ. ಎಡಕ್ಕೂ ಹಿಂದಕ್ಕೂ ಯಂತ್ರದ ಎತ್ತರಕ್ಕೆ ಸಮನಾದ ಮೇಜು ಅಥವಾ ಟ್ರಂಕು ಇಟ್ಟರೆ ಸಾಕು.

ಬಳಕೆ ಮತ್ತು ಮಿತಿ

ತೊಟ್ಟಿಲ ಕೌದಿ, ದಿಂಬಿನ ಚೀಲ, ಕೈಚೀಲ, ಕುರ್ಚಿಯ ಹಾಸುಗಳಿಗೆ ಮುಕ್ತಚಲನೆಯ ಹೊಲಿಗೆ ಬಹಳ ಅನುಕೂಲ. ಮನೆಯ ಯಂತ್ರದ ತೋಳಿನ ಒಳಗೆ ಸುರುಳಿ ಸುತ್ತಿ ತೂರಿಸಬಹುದಾದಷ್ಟೇ ಬಟ್ಟೆ ಹಿಡಿಯುವುದರಿಂದ ಜೋಡಿ ಹಾಸಿಗೆಯ ದಪ್ಪ ಕೌದಿಗೆ ಅದು ಸಾಲದು. ಅಂಥದನ್ನು ಎರಡು ಮೂರು ಭಾಗಗಳಾಗಿ ಯಂತ್ರದಲ್ಲಿ ಹೊಲಿದು, ಜೋಡಣೆಯ ಪಟ್ಟಿಗಳನ್ನು ಕೈಯಿಂದ ಮುಗಿಸುವುದು ಉತ್ತಮ.